ನೀಲಪ್ಪ ಮಾಸ್ತರ ಕೊರೆದ ಚೇಳು

ನೇಸರಗಿಯ ಹೈಸ್ಕೂಲಿಗೆ ಡ್ರಾಯಿಂಗ್ ಮಾಸ್ತರನಾದ ನೀಲಪ್ಪನಿಗೆ ತಾನೊಬ್ಬ ಆಧುನಿಕ ಕಲಾವಿದ ಎಂಬುದರಲ್ಲಿ ಸಂಶಯವಿರಲಿಲ್ಲ. ಸಂಶಯ ಇದ್ದದ್ದು ಉಳಿದವರಿಗೆ. ಧಾರವಾಡದಲ್ಲಿ ಚಿತ್ರಕಲೆಯ ಡಿಪ್ಲೊಮಾ ಮುಗಿಸಿ, ಗಡ್ಡ ಬಿಟ್ಟು, ಹೆಗಲಿಗೊಂದು ಖಾದಿ ಚೀಲ ಹಾಕಿಕೊಂಡು ಬಸ್ಸಿನಿಂದ ಇಳಿದವನನ್ನು ಕಂಡು, ಸ್ಟ್ಯಾಂಡಿನ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಮನೆಯಲ್ಲಿ ಯಾರು ತೀರಿಕೊಂಡರೆಂದು ಮೆಲ್ಲಗೆ ವಿಚಾರಿಸಿದ್ದರು. ಅದನ್ನು ಊರಿಗೆಲ್ಲ ಹೇಳಿಕೊಂಡು ನಕ್ಕವನೂ ನೀಲಪ್ಪನೇ. ತನ್ನನ್ನು ನೋಡಿ ಯಾರಾದರೂ ನಗುವ ಮೊದಲೇ ತಾನು ನಕ್ಕುಬಿಡುವುದು ಅವನಿಗೆ ಸಣ್ಣಂದಿನ ರೂಢಿ. ಈ ಕಡೆ ಬೈಲಹೊಂಗಲ, ಕಿತ್ತೂರು, ಆ ಕಡೆ ಸವದತ್ತಿ, ರಾಮದುರ್ಗ, ಇಷ್ಟರೊಳಗೆ ಲಿನೋ ಕೊರೆಯುವ ಕಲಾವಿದ ನಾನೊಬ್ಬನೇ, ಬೇರೆ ಯಾರಿಗೂ ಆ ಕೆಲಸ ಬೇಕಾಗಿಲ್ಲ, ಎಂದು ಹೇಳಿಕೊಳ್ಳುತ್ತಿದ್ದ.

ಲಿನೋ ಅಂದರೆ ನೆಲಕ್ಕೆ ಹಾಸುವ ದಪ್ಪ ಹಾಳೆ. ಅದರ ಮೇಲೆ ಚಿತ್ರ ಬರೆದು, ಬೇಡವಾದದ್ದನ್ನು ಸಣ್ಣ ಉಳಿಯಿಂದ ಕೊರೆದು ತೆಗೆದು, ಉಳಿದದ್ದಕ್ಕೆ ಕರಿ ಮಸಿ ಹಚ್ಚಿ ಕಾಗದ ಒತ್ತಿದರೆ ಅಚ್ಚು ಬೀಳುತ್ತದೆ. ಕೊರೆದದ್ದು ಬಿಳಿಯಾಗಿ, ಬಿಟ್ಟದ್ದು ಕಪ್ಪಾಗಿ, ಎಡಕ್ಕಿದ್ದದ್ದು ಬಲಕ್ಕೆ ಬರುತ್ತದೆ. ಹೊಸ ಲಿನೋ ಈ ಸೀಮೆಯಲ್ಲಿ ಸಿಗುತ್ತಿರಲಿಲ್ಲ. ಬೈಲಹೊಂಗಲದ ಡಾಕ್ಟರೊಬ್ಬರು ದವಾಖಾನೆಯ ನೆಲಕ್ಕೆ ಫರ್ಶಿ ಕಲ್ಲು ಹಾಕಿಸುತ್ತ ಹಳೇ ಹಾಸನ್ನು ಕಿತ್ತೆಸೆದಾಗ, ನೀಲಪ್ಪ ಅದನ್ನು ಸುರುಳಿ ಸುತ್ತಿ ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಬಂದ. ಜ್ವರ ಬಂದವರು, ಭೇದಿ ಹತ್ತಿದವರು ವರ್ಷಗಟ್ಟಲೆ ಓಡಾಡಿದ ನೆಲ ಅದು. ನನ್ನ ಗೆರೆ ಯಾಕೆ ನಡುಗುತ್ತದೆ ಎಂದು ಇನ್ನು ಯಾರೂ ಕೇಳಬಾರದು, ಎಂದು ಸ್ಟಾಫ್ ರೂಮಿನಲ್ಲಿ ಹೇಳಿದ.

ಮೊದಲ ವರ್ಷವೇ ಅವನಿಗೆ ಹೆಸರು ಬಂತು, ಬೇರೆ ಥರದ ಹೆಸರು. ಸಾಲಿಯ ವಾರ್ಷಿಕ ಗ್ಯಾದರಿಂಗಿಗೆ ಆಮಂತ್ರಣದ ಮುಖಪುಟ ನೀನೇ ಮಾಡು ಎಂದು ಹೆಡ್ ಮಾಸ್ತರರು ಹೇಳಿದರು. ನೀಲಪ್ಪ ಊಟ ನಿದ್ದೆ ಮರೆತು ಒಂದು ಸೂರ್ಯೋದಯ, ಅದರ ಕೆಳಗೆ ಬಳ್ಳಿಯಂತೆ ಬಳುಕುವ ‘ಸುಸ್ವಾಗತ’ ಕೊರೆದ. ಎಷ್ಟು ಚೆಂದದ ಅಕ್ಷರ ಎಂದು ತಾನೇ ಮೆಚ್ಚಿಕೊಳ್ಳುತ್ತ, ಅಕ್ಷರವನ್ನು ತಿರುಗುಮುರುಗಾಗಿ ಕೊರೆಯಬೇಕೆಂಬುದನ್ನೇ ಮರೆತಿದ್ದ. ಅಚ್ಚು ಹಾಕಿದಾಗ ಸ್ವಾಗತ ಬೆನ್ನು ತೋರಿಸಿಕೊಂಡು ಬಂತು. ಹುಡುಗಿಯರು ಕಾರ್ಡನ್ನು ಕನ್ನಡಿಗೆ ಹಿಡಿದು ಓದಿದರು. ಅಂದಿನಿಂದ ಅವನು ಉಲ್ಟಾ ಮಾಸ್ತರ. ಸವದತ್ತಿಯಿಂದ ವಿಜಯಳ ಸಂಬಂಧ ಬಂದಾಗ, ಹುಡುಗಿಯ ಅಪ್ಪ ಏನೇನು ಕೇಳಿಬಂದಿದ್ದರೋ, ಈ ಹೆಸರಿನ ಕಥೆಯನ್ನು ನೀಲಪ್ಪ ತಾನೇ ಮುಂದಾಗಿ ಹೇಳಿದ. ಒಳಗಿನ ಕೋಣೆಯಲ್ಲಿ ವಿಜಯ ನಕ್ಕದ್ದು ಹೊರಗೆ ಕೇಳಿಸಿತು. ಮದುವೆ ಅಲ್ಲಿಗೇ ಕೂಡಿಬಂತು.

ಮನೆಯಲ್ಲಿ ನಿಜವಾದ ಯಜಮಾನಿಕೆ ಇದ್ದದ್ದು ಅಕ್ಕ ಇಂದ್ರವ್ವನದು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳಕೊಂಡು ತವರಿಗೆ ಬಂದವಳು, ಅವ್ವ ಸತ್ತ ಮೇಲೆ ತಮ್ಮನನ್ನು ಬೆಳೆಸಿದವಳು ಅವಳೇ. ಪಡಸಾಲೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಅರ್ಧ ಊರಿನ ಹೆಂಗಸರ ಜಂಪರ ಹೊಲಿಯುತ್ತಿದ್ದಳು. ತಮ್ಮನ ಕಲೆಯ ಬಗ್ಗೆ ಅವಳಿಗೆ ತಕರಾರಿರಲಿಲ್ಲ. ಕುಡಿಯೋದಿಲ್ಲ, ಇಸ್ಪೀಟ ಆಡೋದಿಲ್ಲ, ಕೊರೀಲಿ ಬಿಡು ಅನ್ನುತ್ತಿದ್ದಳು. ಅಚ್ಚಿನ ಕಾಗದ ಮಾತ್ರ ಅವಳಿಗೆ ಬಹಳ ಮೆಚ್ಚು. ಗಟ್ಟಿ ಇರುತ್ತಿತ್ತು, ಕತ್ತರಿಗೆ ಸರಿಯಾಗಿ ಸಿಗುತ್ತಿತ್ತು. ಕೆಟ್ಟ ಪ್ರತಿಗಳನ್ನೆಲ್ಲ ಅವಳು ಜಂಪರದ ಅಳತೆಯ ಪಟ್ಟಿ ಕತ್ತರಿಸಿಕೊಳ್ಳಲು ಇಟ್ಟುಕೊಳ್ಳುತ್ತಿದ್ದಳು. ಯಾವುದು ಕೆಟ್ಟದ್ದು, ಯಾವುದು ಒಳ್ಳೇದು ಎಂಬುದು ಅವಳಿಗೆ ತಿಳಿಯದ್ದರಿಂದ ಒಮ್ಮೊಮ್ಮೆ ಒಳ್ಳೆಯವೂ ಹೋಗುತ್ತಿದ್ದವು. ಮಲಪ್ರಭೆಯ ಮೇಲಿನ ಬೆಳದಿಂಗಳು ಎಂಬ ತನ್ನ ಅತಿ ಮೆಚ್ಚಿನ ಕೃತಿ ಪಾಟೀಲರ ಸೊಸೆಯ ಎಡತೋಳಿನ ಅಳತೆಯಾಗಿ ಮೊಳೆಗೆ ತೂಗುಬಿದ್ದದ್ದನ್ನು ನೀಲಪ್ಪ ಒಂದು ದಿನ ಕಂಡ. ಊರಿನ ಹೆಣ್ಣುಮಕ್ಕಳೆಲ್ಲ ನನ್ನ ಕಲೆಯ ಅಳತೆಯಲ್ಲೇ ಇದ್ದಾರೆ, ಇದಕ್ಕಿಂತ ಏನು ಬೇಕು, ಎಂದು ವಿಜಯಳ ಮುಂದೆ ಹೇಳಿ ಚಾ ಕುಡಿದ.

ತೊಂಬತ್ಮೂರರಲ್ಲಿ ಗ್ರಾಮ ಪಂಚಾಯ್ತಿಯ ಚುನಾವಣೆ ಬಂತು. ಹೆಂಗಸರಿಗೆ ಸೀಟು ಮೀಸಲಿಟ್ಟಿದ್ದಾರೆ ಎಂಬ ಸುದ್ದಿ ಓಣಿಯಲ್ಲಿ ಹರಡಿ, ಯಾರ ಹೆಂಡತಿಯನ್ನು ನಿಲ್ಲಿಸಬೇಕು, ಯಾರ ತಾಯಿಯನ್ನು ನಿಲ್ಲಿಸಬೇಕು ಎಂದು ಗಂಡಸರು ಗುಡಿಯ ಕಟ್ಟೆಯ ಮೇಲೆ ಮಾತಾಡುತ್ತಿರುವಾಗ, ಇಂದ್ರವ್ವ ಹೊಲಿಯುವುದನ್ನು ನಿಲ್ಲಿಸಿ ಎದ್ದುಹೋಗಿ ತಾನೇ ನಿಲ್ಲುತ್ತೇನೆಂದು ಹೇಳಿಬಂದಳು. ಕಟ್ಟೆಯವರು ಹಿಟ್ಟಿನ ಗಿರಣಿಯವರ ಮನೆಯ ಕೆಂಚವ್ವನನ್ನು ಅವಳ ಎದುರಿಗೆ ನಿಲ್ಲಿಸಿದರು. ಕೆಂಚವ್ವನಿಗೆ ತಕ್ಕಡಿ ಗುರುತು ಸಿಕ್ಕಿತು. ಇಂದ್ರವ್ವನಿಗೆ ಹೊಲಿಗೆ ಮಷಿನ್. ಆ ಗುರುತನ್ನು ಕೇಳಿ ಅವಳು ಎಂದೂ ಇಲ್ಲದ ಹಾಗೆ ಒಂದಿಷ್ಟು ಹೊತ್ತು ಸುಮ್ಮನೆ ನಗುತ್ತ ಕೂತಿದ್ದಳು.

ಕರಪತ್ರ ಹಾಕಿಸಲು ನೀಲಪ್ಪ ಬೈಲಹೊಂಗಲದ ಟಿಪ್ಪುಸಾಬನ ಪ್ರೆಸ್ಸಿಗೆ ಹೋದ. ಬಜಾರಿನ ಒಳಗಲ್ಲಿಯಲ್ಲಿ ಕಾಲಿನಿಂದ ತುಳಿದು ಓಡಿಸುವ ಒಂದು ಟ್ರೆಡಲ್ ಮಷಿನ್, ಅಚ್ಚಿನ ಮೊಳೆಗಳ ಖಾನೆಗಳು, ಗೋಡೆಗೆಲ್ಲ ಲಗ್ನಪತ್ರಿಕೆಯ ಗಣಪತಿ, ಇವುಗಳ ನಡುವೆ ಟಿಪ್ಪುಸಾಬ ಇಡೀ ತಾಲೂಕಿನ ಚುನಾವಣೆಯನ್ನು ಮೈಮೇಲೆ ಹಾಕಿಕೊಂಡು ನಿಂತಿದ್ದ. ತಕ್ಕಡಿ, ಛತ್ರಿ, ಕಂದೀಲಿನ ಬ್ಲಾಕುಗಳು ಅವನಲ್ಲಿದ್ದವು. ಹೊಲಿಗೆ ಮಷಿನ್ನಿನದು ಸವೆದು ಹಾಳಾಗಿತ್ತು. ಹುಬ್ಬಳ್ಳಿಯಿಂದ ಹೊಸ ಬ್ಲಾಕ್ ಬರುವ ಹೊತ್ತಿಗೆ ಓಟು ಮುಗಿದಿರುತ್ತದೆ, ಲಿನೋದೊಳಗೆ ಕೊರೆದು ಕೊಟ್ಟರೆ ಹಲಗೆಗೆ ಅಂಟಿಸಿ ಅಚ್ಚು ಹಾಕಿಬಿಡುತ್ತೇನೆ, ನಿಮಗೆ ಬರುತ್ತದಲ್ಲ ಮಾಸ್ತರ, ಎಂದು ಅವನೇ ಹೇಳಿದ.

ಬಸ್ಸಿನಲ್ಲಿ ವಾಪಸು ಬರುತ್ತ ನೀಲಪ್ಪನ ಎದೆ ಉಬ್ಬಿಹೋಗಿತ್ತು. ಕಲೆ ಜನರ ನಡುವೆ ಹೋಗಬೇಕು ಎಂದು ಧಾರವಾಡದಲ್ಲಿ ಗುರುಗಳು ಹೇಳುತ್ತಿದ್ದದ್ದು ಇದನ್ನೇ. ಇಷ್ಟು ದಿನ ಅವನ ಕಲೆ ಜನರ ನಡುವೆ ಹೋದದ್ದು ತೋಳಿನ ಅಳತೆಯಾಗಿ ಮಾತ್ರ. ಈಗ ಮನೆ ಮನೆಗೆ ಹೋಗುತ್ತದೆ. ಅಂದ ಮೇಲೆ ಸಾದಾ ಮಷಿನ್ ಬರೆದರೆ ಹೇಗೆ? ಮಷಿನ್ ಯಾರು ಬೇಕಾದರೂ ಬರೆಯುತ್ತಾರೆ. ಮಷಿನ್ನಿನ ಓಟವನ್ನು ಬರೆಯಬೇಕು.

ಅಕ್ಕನಿಗೆ ಒಂದು ಮದುವೆಯ ಜಂಪರಗಳು ಬಾಕಿ ಇದ್ದವು, ಅವಳು ಹೊಲಿಯುತ್ತಲೇ ಇದ್ದಳು. ನೀಲಪ್ಪ ಅವಳ ಹೆಗಲ ಹಿಂದೆ ಕೂತು ಓಡುವ ಮಷಿನ್ನನ್ನೇ ಬರೆದ. ಸೂಜಿ ಏರಿದ್ದು, ಇಳಿದದ್ದು, ನಡುವೆ ಇದ್ದದ್ದು, ಎಲ್ಲವನ್ನೂ ಒಂದರ ಪಕ್ಕ ಒಂದು ಬರೆದ. ಗಾಲಿ ತಿರುಗುವುದನ್ನು ತೋರಿಸಲು ಗಾಲಿಯ ಮೇಲೆ ಗಾಲಿ ಬರೆದ. ಮಷಿನ್ನಿನ ಬಾಗಿದ ತೋಳಿಗೆ ಒಂದು ಜೋರು ಬರಲೆಂದು ಅದನ್ನು ಇನ್ನಷ್ಟು ಬಾಗಿಸಿದ. ಕೊರೆಯುವಾಗ ಉಳಿ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಇಂಥ ಕೆಲಸ ಜನ್ಮಕ್ಕೊಮ್ಮೆ ಆಗುತ್ತದೆ ಅಂದುಕೊಂಡ, ಅದೊಂದು ಮಾತ್ರ ಖರೆ ಆಯಿತು.

ಟಿಪ್ಪುಸಾಬ ಬ್ಲಾಕನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಮತ್ತೆ ತಿರುಗಿಸಿದ.

“ಮಾಸ್ತರ, ತಪ್ಪ ತಿಳಿಬ್ಯಾಡ್ರಿ. ಇದರದು ಮ್ಯಾಲಿನ ಕಡೆ ಯಾವದರಿ?”

ನೀಲಪ್ಪ ತೋರಿಸಿದ. ಕೆಳಗೆ ಅಚ್ಚಿನ ಮೊಳೆಯಲ್ಲಿ ‘ಹೊಲಿಗೆ ಮಷಿನ್’ ಎಂದು ಒಂದು ಸಾಲು ಹಾಕಿಬಿಡಲಾ ಎಂದು ಟಿಪ್ಪುಸಾಬ ಕೇಳಿದ. ಎಲ್ಲರೂ ಹಾಕಿಸುತ್ತಾರೆ ಎಂದೂ ಹೇಳಿದ. ಕೆಳಗೆ ಹೆಸರು ಬರೆದು ತಿಳಿಸಬೇಕಾದ ಚಿತ್ರ ಚಿತ್ರವೇ ಅಲ್ಲ ಎಂದು ನೀಲಪ್ಪ ಖಡಾಖಂಡಿತ ಬೇಡವೆಂದ. ಟಿಪ್ಪುಸಾಬ ಮತ್ತೊಮ್ಮೆ ಬ್ಲಾಕ್ ನೋಡಿದ, ನೀಲಪ್ಪನ ಮುಖ ನೋಡಿದ, ಹಲಗೆಗೆ ಅಂಟು ಹಚ್ಚಲು ಶುರುಮಾಡಿದ.

ಕರಪತ್ರದ ಗಂಟು ಮನೆಗೆ ಬಂದಾಗ ಇಂದ್ರವ್ವ ಒಂದನ್ನು ತೆಗೆದು ಬಹಳ ಹೊತ್ತು ನೋಡಿದಳು. ಗಾಲಿ ಎಡಕ್ಕೆ ಬಂದಿದೆಯಲ್ಲ ಎಂದಳು. ಅಕ್ಷರ ಉಲ್ಟಾ ಕೊರೆಯಬೇಕೆಂದು ಕಲಿತಿದ್ದ ನೀಲಪ್ಪನಿಗೆ ಮಷಿನ್ನನ್ನೂ ಉಲ್ಟಾ ಕೊರೆಯಬೇಕೆಂದು ಹೊಳೆದೇ ಇರಲಿಲ್ಲ. ಎಡಗೈಯವರ ಮಷಿನ್ ಅಂದುಕೋ ಎಂದ. ಅವಳು ಗಂಟು ಬಿಚ್ಚಿ ಓಣಿಯ ಹುಡುಗರಿಗೆ ಹಂಚಲು ಕೊಟ್ಟಳು.

ಮರುದಿನವೇ ಓಣಿಯಲ್ಲಿ ಗುಸುಗುಸು ಹಬ್ಬಿತು. ಮುದುಕಿ ಮಾಯವ್ವ ಕರಪತ್ರ ಹಿಡಿದುಕೊಂಡು ಬಂದು, ಇಂದ್ರವ್ವನಿಗೆ ಚೇಳಿನ ಗುರುತು ಯಾಕೆ ಕೊಟ್ಟರು, ಬೇರೆ ಒಳ್ಳೇದೇನೂ ಉಳಿದಿರಲಿಲ್ಲವೇ ಎಂದು ಮರುಕದಿಂದ ಕೇಳಿದಳು. ನೀಲಪ್ಪ ಕಾಗದ ಇಸಕೊಂಡು ನೋಡಿದ. ಬಾಗಿದ ತೋಳು ಬಾಲವಾಗಿತ್ತು. ಅದರ ತುದಿಯ ಸೂಜಿ ಕೊಂಡಿಯಾಗಿತ್ತು. ಸಾಲಾಗಿ ಇಳಿದ ಉಳಿದ ಸೂಜಿಗಳು ಕಾಲುಗಳಾಗಿದ್ದವು. ಒಮ್ಮೆ ಚೇಳು ಕಂಡ ಮೇಲೆ ಅವನ ಕಣ್ಣಿಗೂ ಮಷಿನ್ ತಿರುಗಿ ಕಾಣಿಸಲಿಲ್ಲ. ಗಿರಣಿಯವರ ಮಂದಿಗೆ ಇಷ್ಟು ಸಾಕಾಯಿತು. ನ್ಯಾಯ ತೂಗುವ ತಕ್ಕಡಿ ಬೇಕೋ, ಕಡಿಯುವ ಚೇಳು ಬೇಕೋ ಎಂದು ಮನೆ ಮನೆಗೆ ಹೋಗಿ ಕೇಳಿದರು. ಅದಕ್ಕಿಂತ ದೊಡ್ಡ ಕಂಟಕ ಬೇರೆ ಇತ್ತು: ಓಟಿನ ಚೀಟಿಯಲ್ಲಿ ಸರಕಾರದವರು ನೆಟ್ಟಗೆ ಹೊಲಿಗೆ ಮಷಿನ್ನನ್ನೇ ಅಚ್ಚು ಹಾಕಿರುತ್ತಾರೆ. ಇಂದ್ರವ್ವನಿಗೇ ಹಾಕಬೇಕೆಂದು ಬಂದವರು ಅಲ್ಲಿ ಚೇಳು ಹುಡುಕಿದರೆ ಗತಿಯೇನು?

ಬೇರೆ ಅಚ್ಚು ಹಾಕಿಸಲು ಹೊತ್ತಿರಲಿಲ್ಲ, ಟಿಪ್ಪುಸಾಬನ ಮಷಿನ್ ಹಗಲೂ ರಾತ್ರಿ ಬುಕ್ ಆಗಿತ್ತು. ಆಗ ಇಂದ್ರವ್ವ ಕಟ್ಟಿಗೆಯ ಸ್ಟ್ಯಾಂಡಿನಿಂದ ಮಷಿನ್ನಿನ ಸ್ಕ್ರೂ ಬಿಚ್ಚಿ, ಹಳೇ ಸೀರೆಯ ಸಿಂಬೆ ಸುತ್ತಿ, ಮಷಿನ್ನನ್ನು ತಮ್ಮನ ತಲೆಯ ಮೇಲಿಟ್ಟಳು. ಊರು ಸುತ್ತಿ ಬಾ ಎಂದಳು.

ಮಾಸ್ತರಾದವನು ಚುನಾವಣೆಯ ಪ್ರಚಾರ ಮಾಡುವಂತಿರಲಿಲ್ಲ. ಹೆಡ್ ಮಾಸ್ತರರು ಅದನ್ನು ಮೊದಲೇ ಹೇಳಿದ್ದರು. ಆದ್ದರಿಂದ ನೀಲಪ್ಪ ಮಷಿನ್ ರಿಪೇರಿಗೆ ಒಯ್ಯುತ್ತಿದ್ದೇನೆ ಎಂದು ಹೇಳುತ್ತ ಹೊರಟ. ಸಾಲಿ ಬಿಟ್ಟ ಮೇಲೆ ಒಂದೊಂದು ದಿನ ಒಂದೊಂದು ಓಣಿ. ಬಾಗಿಲಿಗೆ ಬಂದು ನಿಂತವರು ಇದೇನು ಮಾಸ್ತರ ಎಂದರೆ, ನಮ್ಮಕ್ಕನ ಹೊಲಿಗೆ ಮಷಿನ್, ಕೆಟ್ಟೈತಿ, ಎಂದು ಗಟ್ಟಿಯಾಗಿ ಹೇಳುತ್ತಿದ್ದ. ರಿಪೇರಿ ಅಂಗಡಿ ಬಸ್ ಸ್ಟ್ಯಾಂಡಿನ ಕಡೆ ಇದೆಯಲ್ಲ, ನೀವು ಹೊಂಡದ ಕಡೆ ಹೊರಟಿದ್ದೀರಲ್ಲ, ಎಂದು ಯಾರೋ ಕೇಳಿದರು. ಸಮೀಪದ ದಾರಿ ಹುಡುಕುತ್ತಿದ್ದೇನೆ ಎಂದ. ಕುತ್ತಿಗೆ ಹೊರಳಿಸಲಾಗದೆ ಮೂಗಿನ ನೇರಕ್ಕೆ ನಡೆಯುವವನ ಹಿಂದೆ ಇಂದ್ರವ್ವ, ತಮ್ಮನಿಗೂ ತನಗೂ ಸಂಬಂಧವೇ ಇಲ್ಲದವಳಂತೆ, ಮನೆ ಮನೆಗೆ ಕೈಮುಗಿಯುತ್ತ ಬರುತ್ತಿದ್ದಳು. ಊರು ನಕ್ಕು ಸಾಕಾಯಿತು. ಡಿಪ್ಲೊಮಾ ಪಡೆದ ಆಧುನಿಕ ಕಲಾವಿದ ಕಡೆಗೂ ಜನರಿಗೆ ತಿಳಿಯುವಂಥ ಒಂದು ಮಷಿನ್ ತೋರಿಸಿದ, ಅದೂ ಬೇರೆ ಯಾರೋ ಮಾಡಿದ್ದು, ಎಂದು ಅವನು ವಿಜಯಳಿಗೆ ಹೇಳಿ ಕುತ್ತಿಗೆಗೆ ಎಣ್ಣೆ ತಿಕ್ಕಿಸಿಕೊಂಡ.

ಇಂದ್ರವ್ವ ಸೋತಳು. ಬಹಳ ಅಂತರವೇನಿರಲಿಲ್ಲ, ಆದರೂ ಸೋತಳು. ಫಲಿತಾಂಶ ಕೇಳಿ ಮನೆಗೆ ಬಂದವಳೇ ಮಷಿನ್ನನ್ನು ತಿರುಗಿ ಸ್ಟ್ಯಾಂಡಿಗೆ ಕೂಡಿಸಿ, ಬಾಕಿ ಉಳಿದ ಜಂಪರ ಹೊಲಿಯಲು ಕೂತಳು.

ನೀಲಪ್ಪನಿಗೆ ಮಾತ್ರ ಒಂದು ಹೊಸ ಕಥೆ ಸಿಕ್ಕಿತು. ಅಕ್ಕನನ್ನು ಸೋಲಿಸಿದವನು ನಾನು ಎಂದು ಸ್ಟಾಫ್ ರೂಮಿನಲ್ಲಿ ಹೇಳಿದ, ಬಸ್ಸಿನಲ್ಲಿ ಹೇಳಿದ, ಟಿಪ್ಪುಸಾಬನ ಪ್ರೆಸ್ಸಿನಲ್ಲಿ ಚಾ ಕುಡಿಯುತ್ತ ಹೇಳಿದ. ಪ್ರತಿ ಸಲ ಕಥೆ ಒಂದಿಷ್ಟು ಬೆಳೆಯಿತು. ಗಿರಣಿಯವರೇ ಬಂದು ತನಗೆ ಶಾಲು ಹೊದಿಸಬೇಕಿತ್ತು ಎಂಬುದೂ ಸೇರಿತು. ಒಳಗೆ ಅವನಿಗೆ ನೋವಿರಲಿಲ್ಲ ಎಂದಲ್ಲ. ಅಕ್ಕ ಮಷಿನ್ನಿನ ಮುಂದೆ ಸುಮ್ಮನೆ ಕೂತದ್ದು ಕಂಡಾಗಲೆಲ್ಲ ಎದ್ದು ಹೊರಗೆ ಹೋಗಿ ಯಾರಿಗಾದರೂ ಕಥೆ ಹೇಳುತ್ತಿದ್ದ.

ಮುಂದಿನ ಬ್ಯಾಸಿಗೆಯಲ್ಲಿ ಸಂಗೊಳ್ಳಿಯಲ್ಲಿ ಬೀಗರ ಮನೆಯ ಮದುವೆ. ಊಟದ ಪಂಕ್ತಿ ಎದ್ದ ಮೇಲೆ ಚಪ್ಪರದ ಕೆಳಗೆ ಕೂತ ಗಂಡಸರು ಆ ಚೇಳಿನದು ಹೇಳ್ರಿ ಮಾಸ್ತರ ಎಂದರು. ನೀಲಪ್ಪ ಎದ್ದು ನಿಂತು, ತಲೆಯ ಮೇಲೆ ಮಷಿನ್ ಹೊತ್ತು ನಡೆದದ್ದನ್ನೂ ಮಾಡಿ ತೋರಿಸಿದ. ಜನ ಹೊಟ್ಟೆ ಹಿಡಕೊಂಡು ನಕ್ಕರು. ಇಂದ್ರವ್ವ ಎಲೆ ಅಡಿಕೆಯ ತಟ್ಟೆ ಹಿಡಿದುಕೊಂಡು ಚಪ್ಪರದ ಕಂಬದ ಹತ್ತಿರ ನಿಂತಿದ್ದನ್ನು ಅವನು ಕಥೆ ಮುಗಿದ ಮೇಲೆ ಕಂಡ.

ಸಂಜೆ ಇಬ್ಬರೂ ಬಸ್ಸಿಗಾಗಿ ರಸ್ತೆಯ ಬೇವಿನ ಮರದ ಕೆಳಗೆ ನಿಂತಿದ್ದರು. ವಿಜಯ ಎಳೆಯ ಮಗಳನ್ನು ಕರಕೊಂಡು ಸವದತ್ತಿಗೆ ತವರಿಗೆ ಹೋಗಿದ್ದಳು. ಇಂದ್ರವ್ವ ಹೇಳಿದಳು.

“ನೀಲ್ಯಾ, ಸೋತಾಕಿ ನಾನು. ನಮ್ಮ ಓಣಿಯವರು ಕೆಲವರು ನನಗ ಹಾಕಲಿಲ್ಲ. ಗಂಡಿಲ್ಲದಾಕಿ ಪಂಚಾಯ್ತಿಗೆ ಹೋಗಿ ಏನ ಮಾಡ್ತಾಳ ಅಂದ್ರು. ನನ್ನ ಕೈಲೆ ಜಂಪರ ಹೊಲಿಸಿಕೊಂಡವರs ಅಂದ್ರು. ಅದು ನನಗ ಗೊತ್ತೈತಿ, ಅದನ್ನ ನಾ ನುಂಗಾಕತ್ತೇನಿ. ನೀ ಅದನ್ನೂ ನಿನ್ನ ಚಿತ್ರದ ಕಥಿ ಮಾಡಿಕೊಂಡಿ.”

ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದೆ ಅಷ್ಟೇ, ನಿನಗೆ ಹಗುರಾಗಲಿ ಅಂತ, ಎಂದು ನೀಲಪ್ಪ ತಡವರಿಸಿದ.

“ಯಾರ ಹಾಕ್ಕೋ ಅಂದ್ರು? ನಿನ್ನ ಚಿತ್ರದಿಂದ ಯಾರೂ ಗೆಲ್ಲೂದಿಲ್ಲ, ಯಾರೂ ಸೋಲೂದಿಲ್ಲೋ ತಮ್ಮಾ. ಅಷ್ಟ ದೊಡ್ಡದಲ್ಲ ಅದು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನೀಲಪ್ಪ ಏನಾದರೂ ಹೇಳಿ ನಗಿಸಬಹುದಿತ್ತು. ಈ ಮಾತಿಗೂ ಒಂದು ಚಟಾಕಿ ನಾಲಿಗೆಯ ತುದಿಗೆ ಬಂದೇ ಬಂತು; ಇಷ್ಟು ಖಡಕ್ ವಿಮರ್ಶೆ ಧಾರವಾಡದಲ್ಲೂ ಸಿಕ್ಕಿರಲಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಬಸ್ಸು ಬಂತು. ಸೀಟು ಇರಲಿಲ್ಲ. ನೇಸರಗಿಯ ತನಕ ರಾಡ್ ಹಿಡಿದು ನಿಂತು, ತಾನು ಇಷ್ಟು ವರ್ಷ ತನ್ನನ್ನು ನೋಡಿ ನಕ್ಕದ್ದೂ ಒಂದು ಥರದ ಜಂಬವೇ ಇರಬೇಕು ಎಂದು ಮೊದಲ ಸಲ ಯೋಚಿಸಿದ. ಎಲ್ಲರೂ ತನ್ನನ್ನೇ ನೋಡಬೇಕು, ಮೆಚ್ಚಿ ಅಲ್ಲದಿದ್ದರೆ ನಕ್ಕಾದರೂ ನೋಡಬೇಕು. ಮುಖ ಬೆಚ್ಚಗಾಯಿತು. ಪಕ್ಕದವರು ಆರಾಮಿಲ್ಲೇನ್ರಿ ಎಂದು ಕೇಳಿದರು.

ಆಮೇಲೆ ಕೆಲವು ಕಾಲ ಉಳಿಗಳು ಡಬ್ಬಿಯೊಳಗೇ ಇದ್ದವು. ಸಾಲಿಯಲ್ಲಿ ಮಕ್ಕಳಿಗೆ ಮಾವಿನಹಣ್ಣು ಬರೆಸಿದ, ಮನೆಗೆ ಬಂದು ಮಗಳಿಗೆ ಉಣ್ಣಿಸಿದ. ತಿರುಗಿ ಕೊರೆಯಲು ಕೂತದ್ದು ಯಾವ ದೊಡ್ಡ ಕಾರಣಕ್ಕೂ ಅಲ್ಲ. ಮಳೆ ಹಿಡಿದಿತ್ತು, ಕರೆಂಟ್ ಹೋಗಿತ್ತು, ಕೈಗೆ ಕೆಲಸವಿರಲಿಲ್ಲ. ಕಣ್ಣ ಮುಂದೆ ಅಕ್ಕನ ಕತ್ತರಿ ಬಿದ್ದಿತ್ತು, ಅದನ್ನೇ ಕೊರೆದ. ಓಟ ಇಲ್ಲ, ಜೋರಿಲ್ಲ, ಬರೀ ಕತ್ತರಿ. ಅಚ್ಚು ನೋಡಿ ವಿಜಯ ಕತ್ತರಿ ಎಂದಳು. ಅವನಿಗೆ ಬಹುಮಾನ ಬಂದಷ್ಟು ಖುಷಿಯಾಯಿತು. ಆಮೇಲೆ ದಾರದ ಉಂಡೆ, ಅಳತೆಯ ಟೇಪು, ಗೂಟಕ್ಕೆ ಹಾಕಿದ ಅಂಗಿ, ಟಿಪ್ಪುಸಾಬನ ಮಸಿ ಹತ್ತಿದ ಕೈ. ಪೂರಾ ಸುಧಾರಿಸಿದ ಅಂದರೆ ಸುಳ್ಳಾದೀತು. ಅಂಗಿಯನ್ನು ನೋಡಿ ಮಾಯವ್ವ ಯಾರೋ ಉರುಲು ಹಾಕಿಕೊಂಡಿದ್ದಾರೆಂದು ಹೌಹಾರಿದ್ದುಂಟು. ಅದನ್ನು ಅವನು ಮನೆಯಲ್ಲಿ ಒಮ್ಮೆ ಹೇಳಿದ, ಊರಿಗೆ ಹೇಳಲಿಲ್ಲ.

ಇಂದ್ರವ್ವನೂ ಸುಮ್ಮನೆ ಕೂತಿರಲಿಲ್ಲ. ಎರಡು ಸಾವಿರದ ಇಸವಿಯಲ್ಲಿ ಮತ್ತೆ ಪಂಚಾಯ್ತಿ ಚುನಾವಣೆ ಬರುವ ಹೊತ್ತಿಗೆ ಅವಳು ಕಾಲಿಡದ ಮನೆ ವಾರ್ಡಿನಲ್ಲಿ ಇರಲಿಲ್ಲ. ರೇಷನ್ ಕಾರ್ಡು, ವಿಧವಾ ವೇತನ, ಬಾಣಂತಿಯನ್ನು ದವಾಖಾನೆಗೆ ಒಯ್ಯುವುದು, ಯಾವುದಕ್ಕೂ ಅವಳೇ ಮುಂದೆ. ಈ ಸಲ ಚಾದ ಕಿಟ್ಲಿ ಗುರುತು ಬಂತು. ಟಿಪ್ಪುಸಾಬ ಅಷ್ಟರಲ್ಲಿ ಟ್ರೆಡಲ್ ಮಾರಿ, ಆಫ್‌ಸೆಟ್ ಕೆಲಸವನ್ನು ಬೆಳಗಾವಿಯಲ್ಲಿ ಮಾಡಿಸಿ ತರುತ್ತಿದ್ದ. ಕಿಟ್ಲಿ ಕಂಪ್ಯೂಟರಿನಿಂದ ಬಣ್ಣದಲ್ಲಿ ಬಂತು, ಸೊಂಡಿಲು ಎಲ್ಲಿರಬೇಕೋ ಅಲ್ಲೇ ಇತ್ತು. ತಾನೇನು ಮಾಡಲಿ ಎಂದು ನೀಲಪ್ಪ ಕೇಳಿದ. ಮನೆಗೆ ಬಂದವರಿಗೆ ಚಾ ಮಾಡು ಎಂದಳು ಅಕ್ಕ. ಅಷ್ಟೂ ದಿನ ಅವನು ಚಾ ಮಾಡಿದ. ಸಕ್ಕರೆ ಒಂದಿಷ್ಟು ಹೆಚ್ಚಾಗುತ್ತದೆ ಎಂಬ ದೂರು ಬಿಟ್ಟರೆ ಬೇರೇನೂ ಬರಲಿಲ್ಲ. ಇಂದ್ರವ್ವ ಗೆದ್ದಳು. ಗೆದ್ದ ಮೇಲೆ ಅವಳು ಮೊದಲು ಜಗಳ ತೆಗೆದದ್ದು ಬಸ್ ಸ್ಟ್ಯಾಂಡಿನ ಹಿಂದೆ ಹೆಂಗಸರಿಗೊಂದು ಪಾಯಖಾನೆ ಬೇಕೆಂದು. ಅದಾಗಲು ಅವಳ ಐದು ವರ್ಷದ ಮುದ್ದತ್ತಿನ ಬಹುಪಾಲು ಹೋಯಿತು, ಆದರೆ ಆಯಿತು.

ಕೆಲವು ವರ್ಷ ಕಳೆದು, ಕಿತ್ತೂರಿನಲ್ಲಿ ಉತ್ಸವದ ದಿನಗಳಲ್ಲಿ ಒಂದು ಸಾಲಿಯ ಕೋಣೆಯಲ್ಲಿ ನೀಲಪ್ಪನ ಲಿನೋ ಚಿತ್ರಗಳನ್ನು ತೂಗುಹಾಕಲು ಯಾರೋ ಪರಿಚಯದವರು ಅನುವು ಮಾಡಿಕೊಟ್ಟರು. ಮೊದಲ ದಿನ ಬಂದವರಲ್ಲಿ ಹೆಚ್ಚಿನವರು ಬಿಸಿಲಿಗೆ ನೆರಳು ಹುಡುಕಿ ಬಂದವರು. ಒಬ್ಬರು ಮೂಲೆಯ ಬೆಂಚಿನ ಮೇಲೆ ಒಳ್ಳೆಯ ನಿದ್ದೆಯನ್ನೇ ಮಾಡಿದರು. ಎರಡನೆಯ ದಿನ ಮಧ್ಯಾಹ್ನ ಒಂದು ಟೆಂಪೊ ಬಂದು ನಿಂತಿತು. ಇಂದ್ರವ್ವ ಓಣಿಯ ಹೆಂಗಸರನ್ನೆಲ್ಲ ಹೇರಿಕೊಂಡು ಬಂದಿದ್ದಳು. ವಿಜಯ, ಮಾಯವ್ವ, ಗಿರಣಿಯ ಕೆಂಚವ್ವನೂ ಅವರಲ್ಲಿದ್ದರು.

ಅವರು ಸೆರಗು ಹೊದ್ದುಕೊಂಡು, ದೇವರ ಗುಡಿ ಸುತ್ತುವ ಹಾಗೆ ಬಲಗಡೆಯಿಂದ ಒಂದೊಂದೇ ಚಿತ್ರ ನೋಡುತ್ತ ಹೋದರು. ಒಂದು ಚಿತ್ರದಲ್ಲಿ ಒಬ್ಬ ಹೆಂಗಸು ಮಷಿನ್ನಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಇದು ಇಂದ್ರವ್ವ ಎಂದಳು ಕೆಂಚವ್ವ. ಅಲ್ಲ, ಇವರವ್ವ ತೀರಿಕೊಂಡಾಕಿ ಹಿಂಗs ಇದ್ದಳು ಎಂದಳು ಮಾಯವ್ವ. ಇಬ್ಬರಿಗೂ ವಾದವಾಯಿತು. ಇಂದ್ರವ್ವ ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದಳು. ಕೈ ತೊಳೆಯಲು ನೀರು ಎಲ್ಲಿದೆ ಎಂದು ತಮ್ಮನನ್ನು ಕೇಳಿದಳು.

ಚಿತ್ರಗಳ ನಡುವೆಯೇ ಚಾಪೆ ಹಾಸಿ ಬುತ್ತಿ ಬಿಚ್ಚಿದರು. ಕಟಕ ರೊಟ್ಟಿ, ಕುಟ್ಟಿದ ಶೇಂಗಾದ ಹಿಂಡಿ, ಮೊಸರು, ಎಣ್ಣೆಗಾಯಿ. ಕೋಣೆಯ ಉಸ್ತುವಾರಿಯವನು ಬಂದು ಇಲ್ಲಿ ಊಟ ಮಾಡುವಂತಿಲ್ಲ ಎಂದ. ಇಂದ್ರವ್ವ ಅವನಿಗೂ ಒಂದು ರೊಟ್ಟಿಯ ಮೇಲೆ ಹಿಂಡಿ ಹಾಕಿ ಕೊಟ್ಟಳು, ಅವನು ತಗೊಂಡು ಬಾಗಿಲ ಹತ್ತಿರ ಹೋಗಿ ಕೂತ. ಅಷ್ಟರಲ್ಲಿ ಧಾರವಾಡದಿಂದ ಬಂದ ಕನ್ನಡಕದ ತರುಣನೊಬ್ಬ ಗೋಡೆಯ ಉದ್ದಕ್ಕೂ ನೋಡಿ ಬಂದು, ಇವುಗಳಲ್ಲಿ ನಿಮಗೆ ಸರಿಯಾಗಿ ಬಂದಿದೆ ಅನ್ನಿಸುವುದು ಯಾವುದು ಸರ್ ಎಂದು ಕೇಳಿದ. ಹೆಂಗಸರು ಕೈತುತ್ತು ನಿಲ್ಲಿಸಿ ನೀಲಪ್ಪನ ಕಡೆ ನೋಡಿದರು, ಈಗೇನೋ ನಗೆಯ ಮಾತು ಬರುತ್ತದೆಂದು.

“ಗೊತ್ತಿಲ್ಲರಿ, ಇನ್ನೂ ನೋಡಾಕತ್ತೇನಿ,” ಎಂದ ನೀಲಪ್ಪ. ಸರಿದು ಕೂತು ತರುಣನಿಗೆ ಚಾಪೆಯ ಮೇಲೆ ಜಾಗ ಮಾಡಿದ. ವಿಜಯ ಆ ಹುಡುಗನಿಗೂ ಒಂದು ಎಲೆ ಇಟ್ಟು ಮೊಸರು ಹಾಕಿದಳು.